ಮೂಗಿನ ಸಾಕ್ಷ್ಯ

ಕಾರಿನ ಬಾಗಿಲು ತೆರೆದೊಡನೆ ಪೆಟ್ರೋಲಿನ ಘಾಟು ಮೂಗಿಗೆ ಹೊಡೆದರೆ ಬಹುಮಂದಿ ಯಜಮಾನರು ಮೊದಲು ಮಾಡುವ ಕೆಲಸ ಕಿಟಕಿಯ ಗಾಜು ಇಳಿಸುವುದು. ಮರುದಿನವೂ ಅದೇ ವಾಸನೆ ಬಂದರೆ ಅಂಗಡಿಯಿಂದ ಮಲ್ಲಿಗೆಯದೋ ಶ್ರೀಗಂಧದ್ದೋ ಒಂದು ಸುಗಂಧದ ಡಬ್ಬಿಯನ್ನು ಕೊಂಡು ತಂದು ಮುಂಗಾಜಿನ ಬುಡದಲ್ಲಿ ಪ್ರತಿಷ್ಠಾಪಿಸುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಪೆಟ್ರೋಲಿನ ವಾಸನೆ ಅವರ ಪಾಲಿಗೆ ಇಲ್ಲವಾಗಿರುತ್ತದೆ. ಆದರೆ ವಾಸನೆ ಎಲ್ಲಿಗೂ ಹೋಗಿರುವುದಿಲ್ಲ. ದಣಿದು ಸುಮ್ಮನಾದದ್ದು ಅವರ ಮೂಗು ಮಾತ್ರ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಅದನ್ನು ಲೆಕ್ಕದಿಂದ ಬಿಟ್ಟುಬಿಡುವುದು ಘ್ರಾಣೇಂದ್ರಿಯದ ಸ್ವಭಾವ. ಅಗರಬತ್ತಿ ಹೊಸೆಯುವವರಿಗೆ ಅಗರಬತ್ತಿಯ ಪರಿಮಳ ತಿಳಿಯದು. ಮೀನಿನ ಪೇಟೆಯಲ್ಲಿರುವವರಿಗೆ ಮೀನಿನದು ತಿಳಿಯದು. ಬದುಕುವುದಕ್ಕೆ ಇದೊಂದು ಅನುಕೂಲವೇ ಸರಿ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಈ ಅನುಕೂಲ ಪ್ರಾಣಕ್ಕೆ ಎರವಾಗಬಹುದು.

ಸ್ವಲ್ಪ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾದೀತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಪೆಟ್ರೋಲಿನ ಆವಿಯಿದ್ದರೂ ಆರೋಗ್ಯವಂತ ಮೂಗು ಅದನ್ನು ಗುರುತಿಸುತ್ತದೆ. ಅದೇ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಶೇಕಡಾ 1.4ರಷ್ಟಾದರೂ ಇರಬೇಕು, ಎಂದರೆ ಹತ್ತು ಲಕ್ಷಕ್ಕೆ 14,000 ಪಾಲು. ಆದುದರಿಂದ ವಾಸನೆ ಬಂದ ಕೂಡಲೇ ಕಾರು ಸಿಡಿಯುತ್ತದೆಂದು ಬೆದರಬೇಕಾಗಿಲ್ಲ. ಮೂಗು ಕೊಡುವ ಮೊದಲ ಎಚ್ಚರಿಕೆಗೂ ಬೆಂಕಿಗೂ ನಡುವೆ ಸಾಕಷ್ಟು ಅವಕಾಶವುಂಟು. ಆದರೆ ಎರಡು ಸಂಗತಿಗಳು ಆ ಅವಕಾಶವನ್ನು ಕಿರಿದುಗೊಳಿಸುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ಹೊಗೆಯಂತೆ ಮೇಲೇರಿ ಹೋಗದೆ ನೀರಿನಂತೆ ತಗ್ಗನ್ನು ಹುಡುಕುತ್ತದೆ. ಕಾಲಿನ ಬಳಿ, ಸೀಟಿನ ಕೆಳಗೆ, ಡಿಕ್ಕಿಯ ಗುಂಡಿಯಲ್ಲಿ ಮಡುಗಟ್ಟುತ್ತದೆ. ಮುಖದ ಮಟ್ಟದಲ್ಲಿ ತೆಳುವಾಗಿ ತೋರುವ ವಾಸನೆ ಪಾದದ ಬಳಿ ದಟ್ಟವಾಗಿರಬಹುದು. ಎರಡನೆಯದಾಗಿ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತಲೇ ಇರುತ್ತದೆ. ಕರ್ನಾಟಕದ ಯಾವ ಚಳಿಯೂ ಅದಕ್ಕೆ ಚಳಿಯಲ್ಲ.

ಬೆಂಕಿಯ ಮಾತು ಹಾಗಿರಲಿ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವ್ಯ ಸೇರಿರುತ್ತದೆ. ಭಾರತದಲ್ಲಿ ಮಾರುವ ಪೆಟ್ರೋಲಿನಲ್ಲಿ ಅದು ಶೇಕಡಾ 1ನ್ನು ಮೀರಕೂಡದೆಂದು ಕಟ್ಟುಪಾಡಿದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂಬುದು ವಿವಾದವಿಲ್ಲದ ಸಂಗತಿ. ಮುಚ್ಚಿದ ಗಾಜಿನ ಹಿಂದೆ ಕುಳಿತು ದಿನಕ್ಕೆರಡು ಬಾರಿ ಶಾಲೆಗೆ ಹೋಗಿಬರುವ ಮಕ್ಕಳು ತಿಂಗಳುಗಟ್ಟಲೆ ಆ ಗಾಳಿಯನ್ನೇ ಉಸಿರಾಡುತ್ತಿದ್ದರೆ ಮಲ್ಲಿಗೆಯ ಡಬ್ಬಿ ಅದರಲ್ಲಿ ಎಳ್ಳಷ್ಟನ್ನೂ ಕಡಿಮೆ ಮಾಡಲಾರದು.

ಹೀಗಿರುವಲ್ಲಿ ಯಾರ ಮೂಗನ್ನು ನಂಬತಕ್ಕದ್ದು ಎಂಬ ಪ್ರಶ್ನೆ ಏಳುತ್ತದೆ. ದಿನವೂ ಕಾರು ನಡೆಸುವವರ ಸಾಕ್ಷ್ಯಕ್ಕೆ ಇಲ್ಲಿ ಬೆಲೆ ಕಡಿಮೆ. ಅಪರೂಪಕ್ಕೆ ಹತ್ತುವ ಅತ್ತೆಯವರು, ಹಿಂದಿನ ಸೀಟಿನ ಮಗು, ಬಾಣಂತನಕ್ಕೆ ಬಂದ ಮಗಳು, ಇವರ ಮೂಗು ಹೊಸದು, ಆದುದರಿಂದ ಚುರುಕಾದದ್ದು. "ಏನೇ ಇದು, ಸೀಮೆಎಣ್ಣೆ ವಾಸನೆ ಬರುತ್ತಿದೆಯಲ್ಲೇ" ಎಂದು ಅತ್ತೆಯವರು ಮಗಳ ಕಿವಿಯಲ್ಲಿ ಹೇಳಿದ್ದು ಮುಂದೆ ಕುಳಿತ ಅಳಿಯಂದಿರಿಗೆ ಕೇಳಿಸುತ್ತದೆ. "ಅವರಿಗೆ ಕಾರಿನ ಅಭ್ಯಾಸವಿಲ್ಲ, ಅದಕ್ಕೇ ಹಾಗನ್ನಿಸುತ್ತದೆ" ಎಂದು ಅವರು ನಕ್ಕು ಸುಮ್ಮನಾಗುತ್ತಾರೆ. ಅಭ್ಯಾಸವಿಲ್ಲದಿರುವುದೇ ಈ ಕೆಲಸಕ್ಕೆ ಬೇಕಾದ ಯೋಗ್ಯತೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಇನ್ನು ಗ್ಯಾರೇಜಿನ ಮೇಸ್ತ್ರಿಯ ಮೂಗಂತೂ ಒದಗುವುದೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಪೆಟ್ರೋಲಿನಲ್ಲಿ ಬಿಡಿಭಾಗ ತೊಳೆಯುವವನು "ವಾಸನೆ ಏನೂ ಇಲ್ಲವಲ್ಲ ಸಾರ್" ಎಂದರೆ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ಬೇಕಾದದ್ದು ದೂರಲ್ಲ, ವಿವರ. ಎಂಥ ವಾಸನೆ, ಯಾವ ಹೊತ್ತಿನಲ್ಲಿ, ಕಾರಿನ ಯಾವ ಭಾಗದಲ್ಲಿ — ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದ ಯಜಮಾನರ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಬರೆದುಕೊಳ್ಳದವರ ಕಾರು ವಾರವೆಲ್ಲ ಗ್ಯಾರೇಜಿನಲ್ಲಿ ನಿಂತು, ಮೂರು ಹೊಸ ಭಾಗಗಳ ಲೆಕ್ಕದೊಡನೆ, ಅದೇ ವಾಸನೆಯನ್ನು ಹೊತ್ತು ಹಿಂದಿರುಗುವುದುಂಟು.

ಎಂಥ ವಾಸನೆ ಎಂಬುದನ್ನು ಹೇಳುವುದಕ್ಕೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ಘಾಟು ಬೇರೆ, ಕಮಟು ಬೇರೆ, ಸೀದದ್ದು ಬೇರೆ, ಮುಗ್ಗಲು ಬೇರೆ. ಪೆಟ್ರೋಲು ಬಂಕಿನಲ್ಲಿ ನಿಂತಂತೆ ಶುದ್ಧವಾದ ಹಸಿ ಘಾಟು ಬಂದರೆ ಎಲ್ಲಿಯೋ ಪೆಟ್ರೋಲೇ ಹೊರಬೀಳುತ್ತಿದೆ ಎಂದರ್ಥ. ಬೆಂದೂ ಬೇಯದ ಪೆಟ್ರೋಲಿನ ಕಮಟು, ಜೊತೆಗೆ ಕಣ್ಣುರಿ, ತಲೆನೋವು ಇದ್ದರೆ ಅದು ಸೋರಿಕೆಯಲ್ಲ. ಎಂಜಿನು ಪೆಟ್ರೋಲನ್ನು ಪೂರ್ತಿ ಸುಡದೆ ಸೈಲೆನ್ಸರಿನ ಮೂಲಕ ಹೊರಗೆ ಬಿಡುತ್ತಿದೆ, ಆ ಹೊಗೆ ಹಿಂಬಾಗಿಲಿನ ಸವೆದ ರಬ್ಬರು ಪಟ್ಟಿಯ ಸಂದಿನಿಂದ ಒಳಕ್ಕೆ ಬರುತ್ತಿದೆ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿಯೇಳುವುದರಿಂದ ಹೊಗೆ ಅಲ್ಲಿ ಕಾರನ್ನೇ ಹಿಂಬಾಲಿಸುತ್ತದೆ. ಸಾಮಾನು ಹೆಚ್ಚಾಯಿತೆಂದು ಡಿಕ್ಕಿಯ ಬಾಗಿಲನ್ನು ಹಗ್ಗದಿಂದ ಕಟ್ಟಿ ಅರ್ಧ ತೆರೆದೇ ಪ್ರಯಾಣ ಮಾಡುವವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಏಕೆಂದರೆ ಆ ಹೊಗೆಯೊಡನೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಬರುತ್ತದೆ. ಅದು ತೂಕಡಿಕೆಯಂತೆ ಆರಂಭವಾಗಿ ಎಚ್ಚರವಿಲ್ಲದ ನಿದ್ದೆಯಲ್ಲಿ ಮುಗಿಯುತ್ತದೆ. ಸಿಹಿಯಾದ ಪಾಕದಂಥ ವಾಸನೆಯಾದರೆ ಅದು ರೇಡಿಯೇಟರಿನ ದ್ರವ. ಕೊಳೆತ ಮೊಟ್ಟೆಯ ನಾತವಾದರೆ ಹೊಗೆ ಶುದ್ಧಿ ಮಾಡುವ ಕನ್ವರ್ಟರಿನ ಕಡೆ ನೋಡತಕ್ಕದ್ದು. ಮುಗ್ಗಲಾದರೆ ಹವಾನಿಯಂತ್ರಣದ ಜಾಲರಿ ತೊಳೆಸಿದರೆ ಸಾಕು. ಇವಾವುವೂ ಪ್ರಸ್ತುತ ವಿಷಯವಲ್ಲ.

ಹಸಿ ಘಾಟು ಎಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ, ಯಾವ ಹೊತ್ತಿನಲ್ಲಿ?

ಟ್ಯಾಂಕು ತುಂಬಿಸಿದ ದಿನ ವಾಸನೆ ಬರುತ್ತದೆ, ಅರ್ಧಕ್ಕಿಳಿದ ಮೇಲೆ ಬರುವುದಿಲ್ಲ ಎಂದಾದರೆ ಸೋರುವ ಜಾಗ ಟ್ಯಾಂಕಿನ ನೆತ್ತಿಯಲ್ಲಿದೆ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟ ಒಂದು ಸಂಸಾರವನ್ನು ಊಹಿಸಬಹುದು. ಮುಂಜಾನೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಕೊಂಡಿದ್ದಾರೆ. ಹಾಸನದವರೆಗಿನ ನೇರ ರಸ್ತೆಯಲ್ಲಿ ಏನೂ ಇಲ್ಲ. ಸಕಲೇಶಪುರ ದಾಟಿ ಶಿರಾಡಿಯ ತಿರುವುಗಳಿಗೆ ಇಳಿದೊಡನೆ ಹಿಂದೆ ಕುಳಿತ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಘಟ್ಟದ ತಿರುವಿನ ವಾಕರಿಕೆ ಎಂದುಕೊಂಡು ನಿಂಬೆಹಣ್ಣು ಮೂಸಿಸುತ್ತಾರೆ. ಆದರೆ ಮಕ್ಕಳು ಕುಳಿತ ಸೀಟಿನ ಕೆಳಗೇ ಟ್ಯಾಂಕು ಇದೆ. ಅದರ ನೆತ್ತಿಯ ಮೇಲೆ ಪೆಟ್ರೋಲನ್ನು ಎಂಜಿನಿಗೆ ದೂಡುವ ವಿದ್ಯುತ್ ಪಂಪು ಕುಳಿತಿದೆ. ಪಂಪಿಗೂ ಟ್ಯಾಂಕಿಗೂ ನಡುವೆ ಬಳೆಯಂಥ ಒಂದು ರಬ್ಬರು ಉಂಗುರವಿದೆ. ಆ ಉಂಗುರ ಸಡಿಲವಾಗಿದ್ದರೆ ತುಂಬಿದ ಟ್ಯಾಂಕಿನ ಪೆಟ್ರೋಲು ಪ್ರತಿ ತಿರುವಿನಲ್ಲಿಯೂ ತುಳುಕಿ ಅಲ್ಲಿಂದ ಜಿನುಗುತ್ತದೆ. ಮುಂದೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ.

ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಮೆತ್ತೆಯನ್ನು ಎತ್ತಿದರೆ ನೆಲಗಂಬಳಿಯ ಕೆಳಗೆ ಒಂದು ತಟ್ಟೆಯಂಥ ಮುಚ್ಚಳ ಕಾಣುತ್ತದೆ. ಅದನ್ನು ತೆಗೆದರೆ ಪಂಪಿನ ತಲೆ, ಅದಕ್ಕೆ ಬಂದು ಸೇರುವ ಕೊಳವೆಗಳು, ತಂತಿಗಳು ಎಲ್ಲವೂ ಕಣ್ಣೆದುರಿಗಿರುತ್ತವೆ. ಒದ್ದೆ ಇದ್ದರೆ ಅಲ್ಲಿಯೇ ತೋರುತ್ತದೆ. ಒಣಗಿದ್ದರೂ ಸುತ್ತಲಿನ ಧೂಳು ಒಂದು ಕಡೆ ಮಾತ್ರ ತೊಳೆದಂತೆ ಇರುತ್ತದೆ. ಪಂಪು ಬದಲಾಯಿಸಿದ ಕೆಲವು ದಿನಗಳಲ್ಲಿಯೇ ವಾಸನೆ ಆರಂಭವಾಗಿದ್ದರೆ ಸಂಶಯವೇ ಬೇಡ. ಹಳೆಯ ಉಂಗುರ ವರ್ಷಗಟ್ಟಲೆ ಪೆಟ್ರೋಲು ಕುಡಿದು ಊದಿಕೊಂಡಿರುತ್ತದೆ, ಒಮ್ಮೆ ಬಿಚ್ಚಿದ ಮೇಲೆ ತನ್ನ ಗಾಡಿಯಲ್ಲಿ ಮತ್ತೆ ಕೂರುವುದಿಲ್ಲ. ಸಾವಿರಾರು ರೂಪಾಯಿಯ ಪಂಪನ್ನು ಹೊಸದಾಗಿ ಹಾಕಿ, ಅದರೊಡನೆ ಬದಲಾಯಿಸಲೇಬೇಕಾದ ಅಗ್ಗದ ಉಂಗುರದಲ್ಲಿ ಉಳಿತಾಯ ಮಾಡುವ ಜಾಣತನ ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಹೊಸ ಉಂಗುರವನ್ನು ಹಾಕಿ ಮುಚ್ಚಳದ ಅಂಚಿನ ಅಂಟುಪಟ್ಟಿಯನ್ನು ಸರಿಯಾಗಿ ಕೂರಿಸಿದರೆ ಕೆಲಸ ಮುಗಿಯಿತು.

ಟ್ಯಾಂಕಿನ ಬಾಯಿಯಿಂದ ಕೆಳಗಿಳಿಯುವ ಕೊಳವೆಯೂ ತುಂಬಿದ ದಿನವೇ ವಾಸನೆ ಕೊಡುತ್ತದೆ. ಇದು ಹಿಂದಿನ ಚಕ್ರದ ಮೇಲ್ಗಡೆ, ಕೆಸರು ಸಿಡಿಯುವ ಜಾಗದಲ್ಲಿ ಅಡಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಹತ್ತಾರು ವರ್ಷ ನಿಂತ ಕಾರುಗಳಲ್ಲಿ ಉಕ್ಕಿನ ಕೊಳವೆ ತುಕ್ಕು ತಿಂದು ಜರಡಿಯಾಗಿರುವುದುಂಟು. ಮುಚ್ಚಳದ ರಬ್ಬರು ಬಿರುಕು ಬಿಟ್ಟಿದ್ದರೆ ಮುಚ್ಚಳವನ್ನೇ ಬದಲಾಯಿಸುವುದು ಸುಲಭ.

ಇಲ್ಲಿ ಬಂಕಿನವರ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಟ್ಯಾಂಕು ತುಂಬಿದೊಡನೆ ನಳಿಕೆ ಟಕ್ಕೆಂದು ತಾನಾಗಿಯೇ ನಿಲ್ಲುತ್ತದೆ. ರೂಪಾಯಿ ಸಮವಾಗಲೆಂದು ಹುಡುಗ ಅದನ್ನು ಮತ್ತೆ ಮತ್ತೆ ಅದುಮುತ್ತಾನೆ. ಯಜಮಾನರು ಕಾರನ್ನು ಅಲುಗಿಸಿ ಇನ್ನೂ ಅರ್ಧ ಲೀಟರು ಹಿಡಿಸುತ್ತಾರೆ. ಆದರೆ ಟ್ಯಾಂಕಿನ ಮೇಲ್ಭಾಗದಲ್ಲಿ ಬಿಟ್ಟ ಖಾಲಿ ಜಾಗ ಆವಿಗೆ ಮೀಸಲಾದದ್ದು. ಆ ಆವಿಯನ್ನು ಗಾಳಿಗೆ ಬಿಡದೆ ಒಂದು ಸಣ್ಣ ಪೆಟ್ಟಿಗೆಯಲ್ಲಿರುವ ಇದ್ದಲು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಎಂಜಿನು ನಡೆಯುವಾಗ ಒಂದು ಕವಾಟ ತೆರೆದು ಅದನ್ನು ಎಂಜಿನೇ ಎಳೆದುಕೊಂಡು ಸುಡುತ್ತದೆ. ಕ್ಯಾನಿಸ್ಟರ್ ಎಂದು ಗ್ಯಾರೇಜಿನವರು ಕರೆಯುವುದು ಈ ಪೆಟ್ಟಿಗೆಯನ್ನೇ. ಆವಿಯನ್ನು ಹೀರುವ ಇದ್ದಲಿಗೆ ದ್ರವ ಪೆಟ್ರೋಲು ಬಂದು ಬಿದ್ದರೆ ಅದು ನೆನೆದ ಹತ್ತಿಯಂತಾಗಿ ನಿರುಪಯುಕ್ತವಾಗುತ್ತದೆ. ಆಮೇಲೆ ಟ್ಯಾಂಕಿನ ಆವಿಗೆ ತಡೆಯಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಸುತ್ತ ಘಾಟು ಎದ್ದು, ಎಲ್ಲಿ ಹುಡುಕಿದರೂ ಹನಿ ಸಿಕ್ಕದಿದ್ದರೆ ಈ ಪೆಟ್ಟಿಗೆಯನ್ನೂ ಅದರ ಕವಾಟವನ್ನೂ ಪರೀಕ್ಷಿಸಬೇಕು. ಹಾಳಾದ ಇದ್ದಲನ್ನು ಒಣಗಿಸಿ ಸರಿಮಾಡುವ ಉಪಾಯವಿಲ್ಲ, ಪೆಟ್ಟಿಗೆಯನ್ನೇ ಬದಲಾಯಿಸಬೇಕು.

ಎರಡನೆಯ ಹೊತ್ತು, ಕಾದ ಎಂಜಿನನ್ನು ನಿಲ್ಲಿಸಿದ ಮೇಲಿನ ಕಾಲುಗಂಟೆ. ಇದು ಹೆಚ್ಚಾಗಿ ಕಾರ್ಬುರೇಟರು ಇದ್ದ ಹಳೆಯ ಕಾರುಗಳ ಲಕ್ಷಣ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800ರದ್ದೂ ಅದೇ ವರ್ಷ. ಆದರೂ ಪ್ರೀತಿಯಿಂದ ಅವನ್ನು, ಅವಕ್ಕೂ ಹಿಂದಿನ ಫಿಯಟ್ಟುಗಳನ್ನು, ಉಳಿಸಿಕೊಂಡಿರುವ ಮನೆಗಳುಂಟು. ಕಾರ್ಬುರೇಟರಿನ ಬಟ್ಟಲಿನಲ್ಲಿ ಸದಾ ಒಂದಿಷ್ಟು ಪೆಟ್ರೋಲು ನಿಂತಿರುತ್ತದೆ. ಎಂಜಿನು ನಿಂತೊಡನೆ ಗಾಳಿಯಾಟವೂ ನಿಂತು, ಕಬ್ಬಿಣದ ಬಿಸಿಯೆಲ್ಲ ಆ ಬಟ್ಟಲಿಗೆ ಏರಿ ಪೆಟ್ರೋಲು ಕುದಿಯುತ್ತದೆ. ಸ್ವಲ್ಪ ವಾಸನೆ ಅವುಗಳಲ್ಲಿ ಸಹಜ. ಹಿಂದೆ ಆಗುಂಬೆ, ಚಾರ್ಮಾಡಿಗಳನ್ನು ಹತ್ತುವಾಗ ಚಾಲಕರು ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದುದು ಇದೇ ಬಿಸಿಯ ಉಪದ್ರವಕ್ಕಾಗಿ. ಆದರೆ ವಾಸನೆ ಕಾಲುಗಂಟೆಗೆ ಮುಗಿಯದೆ ರಾತ್ರಿಯೆಲ್ಲ ಉಳಿದರೆ ಅದು ಸಹಜವಲ್ಲ. ಬಟ್ಟಲಿನ ಮಟ್ಟವನ್ನು ಕಾಯುವ ತೇಲು ತೂತಾಗಿದೆ, ಅಥವಾ ಅದು ಎತ್ತಿ ಮುಚ್ಚುವ ಸೂಜಿ ಸವೆದಿದೆ. ಪೆಟ್ರೋಲು ಬಟ್ಟಲನ್ನು ಮೀರಿ ಹರಿಯುತ್ತಿದೆ. ಮುಂದಿನ ಸೀಟುಗಳ ಕೆಳಗೇ ಎಂಜಿನು ಇರುವ ಓಮ್ನಿಯಂಥ ವಾಹನದಲ್ಲಿ ಈ ದೋಷವಿದ್ದರೆ ಚಾಲಕರು ಅದರ ಮೇಲೆಯೇ ಕುಳಿತಂತೆ. ಇದಕ್ಕೆ ಸಂಬಂಧಿಸಿದ ಒಂದು ಸುಲಭ ಪರೀಕ್ಷೆ ಹೊಸ ಕಾರಿಗೂ ಹಳೆಯದಕ್ಕೂ ಸಲ್ಲುತ್ತದೆ. ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಮೂಸಿದಾಗ ಪೆಟ್ರೋಲಿನ ಘಾಟು ಬಂದು, ಮಟ್ಟವೂ ಹೆಚ್ಚಾಗಿ ಕಂಡರೆ, ಪೆಟ್ರೋಲು ಎಂಜಿನ್ನಿನ ಹೊಟ್ಟೆಗೇ ಇಳಿಯುತ್ತಿದೆ. ತೆಳುವಾದ ಆಯಿಲು ಬೇರಿಂಗುಗಳನ್ನು ಕಾಪಾಡಲಾರದು. ಇಂಥ ಕಾರನ್ನು ಆಯಿಲು ಬದಲಾಯಿಸದೆ ಓಡಿಸಬಾರದು.

ಮೂರನೆಯದು ಚಳಿಯ ಮುಂಜಾವು. ಹಳೆಯ ರಬ್ಬರು ಕೊಳವೆ ರಾತ್ರಿಯ ತಂಪಿನಲ್ಲಿ ಕುಗ್ಗಿ ಬಿರುಸಾಗಿರುತ್ತದೆ. ಎಂಜಿನು ಹೊರಟ ಮೊದಲ ನಿಮಿಷಗಳಲ್ಲಿ ಕ್ಲಿಪ್ಪಿನ ಬಳಿ ಜಿನುಗಿ, ಬಿಸಿಯೇರಿದಂತೆ ಹಿಗ್ಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಹೋಗಿ ಬಾನೆಟ್ಟು ತೆರೆಯುವ ಹೊತ್ತಿಗೆ ಎಲ್ಲವೂ ಒಣ. ಮೇಸ್ತ್ರಿ ಯಜಮಾನರ ಮುಖ ನೋಡುತ್ತಾನೆ. ಯಜಮಾನರು ಕಾರಿನ ಮುಖ ನೋಡುತ್ತಾರೆ. ಇಂಥ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬರುವುದು ಲೇಸು. ಕೆಳಗೆ ನೆಲ ಒಣಗಿದೆ ಎಂಬುದೂ ಸೋರಿಕೆಯಿಲ್ಲ ಎಂಬುದಕ್ಕೆ ಆಧಾರವಾಗದು. ಸಣ್ಣ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ. ಕೊಳವೆಗಳ ಕೀಲುಗಳಿಗೆ ಬಿಳಿಯ ಕಾಗದ ಸುತ್ತಿ ಒತ್ತಿ ನೋಡಿದರೆ ಕಲೆ ಮೂಡುತ್ತದೆ. ಬೆಳಕಿಗೆ ಬ್ಯಾಟರಿ ದೀಪವೇ ಆಗಬೇಕು. ಬೆಂಕಿಕಡ್ಡಿ ಗೀರಿ ಪೆಟ್ರೋಲು ಹುಡುಕಿದವರಿಗೆ ಪೆಟ್ರೋಲು ಸಿಕ್ಕದೆ ಇರುವುದಿಲ್ಲ.

ಮಳೆಗಾಲದಲ್ಲಿ ಇಲಿ ಹೆಗ್ಗಣಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಬಿಡಾರ ಹೂಡಿ ಕೊಳವೆಗಳನ್ನು ಕಡಿಯುವುದುಂಟು. ಹಲ್ಲಿನ ಗುರುತು, ಹಿಕ್ಕೆ, ಕಚ್ಚಿ ತಂದಿಟ್ಟ ತೆಂಗಿನ ನಾರು ಕಂಡರೆ ಬೇರೆ ಪತ್ತೇದಾರಿ ಬೇಕಿಲ್ಲ.

ಕಾರು ನಡೆಯುತ್ತಿರುವಷ್ಟು ಹೊತ್ತೂ ವಾಸನೆಯಿದ್ದರೆ ಮುಂಭಾಗದ ಗಾಳಿಯ ಸನ್ನೆಯನ್ನು ಒಮ್ಮೆ ತಿರುಗಿಸಿ ನೋಡಬೇಕು. ಹೊರಗಿನ ಗಾಳಿ ಒಳಗೆ ಬರುವ ದಾರಿ ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆಯೇ ಇರುತ್ತದೆ. ಹೊರಗಾಳಿ ತೆರೆದಾಗ ವಾಸನೆ ಹೆಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸುವಂತೆ ಮಾಡಿದಾಗ ಕಡಿಮೆಯಾದರೆ ದೋಷ ಎಂಜಿನಿನ ಕಡೆಗಿದೆ. ಎರಡರಲ್ಲಿಯೂ ಒಂದೇ ಸಮನಾಗಿದ್ದರೆ ಟ್ಯಾಂಕಿನ ಕಡೆಗಿದೆ. ಒಂದು ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾವ ಯಜಮಾನರೂ ಮಾಡಬಹುದು.

ಕೊಳವೆಗಳ ವಿಷಯದಲ್ಲಿ ಇಂದಿನ ಕಾಲದ ಒಂದು ಸಂಗತಿಯನ್ನು ಸೇರಿಸಬೇಕು. ಭಾರತದಲ್ಲಿ ಪೆಟ್ರೋಲಿಗೆ ಸೇರಿಸುವ ಎಥನಾಲಿನ ಪಾಲು 2022ರಲ್ಲಿ ಶೇಕಡಾ 10 ಮುಟ್ಟಿತು. 2025ರಲ್ಲಿ ಶೇಕಡಾ 20ಕ್ಕೆ ಏರಿತು. ಕಬ್ಬು ಮುಂತಾದ ಬೆಳೆಗಳಿಂದ ತಯಾರಾಗುವ ಈ ದ್ರವ್ಯ ಕೆಲವು ಜಾತಿಯ ಹಳೆಯ ರಬ್ಬರನ್ನು ಊದಿಸುತ್ತದೆ, ಬಿರುಸಾಗಿಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರು ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಅವಧಿಗೆ ಮುಂಚೆ ಬದಲಾಯಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಮಂತ್ರಾಲಯವೂ 2025ರಲ್ಲಿ ಹೇಳಿತು. ಹೊಸ ಪೆಟ್ರೋಲು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವನ್ನು ಕಾಫಿ ಹೋಟೆಲಿಗೆ ಬಿಟ್ಟು, ಹತ್ತು ಹದಿನೈದು ವರ್ಷದ ಕಾರುಳ್ಳವರು ಎಥನಾಲನ್ನು ತಾಳುವ ಕೊಳವೆಗಳನ್ನು ಹಾಕಿಸಿಕೊಳ್ಳುವುದು ವಿವೇಕ.

ಕೊಳವೆ ಬದಲಾಯಿಸುವಾಗ ಒತ್ತಡದ ಅರಿವಿರಬೇಕು. ಕಾರ್ಬುರೇಟರಿನ ಕಾಲದ ಪಂಪು ಪೆಟ್ರೋಲನ್ನು ದೂಡುತ್ತಿದ್ದುದು ವಾಯುಭಾರದ ಸುಮಾರು ಕಾಲುಪಾಲು ಒತ್ತಡದಲ್ಲಿ. ಇಂಜೆಕ್ಟರುಗಳಿರುವ ಇಂದಿನ ಸಾಮಾನ್ಯ ಕಾರಿನಲ್ಲಿ ಅದು ಮೂರು ನಾಲ್ಕು ಪಾಲು. ಹಿಂದಿನದರಲ್ಲಿ ಸೂಜಿಯಷ್ಟು ತೂತಾದರೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಇಂದಿನದರಲ್ಲಿ ಚಿಲುಮೆಯಾಗಿ ಕಾದ ಎಂಜಿನಿನ ಮೇಲೆ ಚಿಮ್ಮುತ್ತದೆ. ಆದುದರಿಂದ ಮೂಲೆಯ ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ರಬ್ಬರು ಕೊಳವೆಯನ್ನು ಇಂಜೆಕ್ಟರಿನ ಸಾಲಿಗೆ ಹಾಕಿಸಬಾರದು. ಕ್ಲಿಪ್ಪನ್ನು ಅತಿಯಾಗಿ ಬಿಗಿದರೂ ಅದು ಕೊಳವೆಯನ್ನೇ ಕತ್ತರಿಸುತ್ತದೆ. ಬಿಚ್ಚುವ ಮೊದಲು ಪಂಪಿನ ಫ್ಯೂಸನ್ನು ತೆಗೆದು, ಎಂಜಿನು ತಾನಾಗಿ ನಿಲ್ಲುವವರೆಗೆ ನಡೆಸಿ ಒತ್ತಡ ಇಳಿಸಿ, ಬಳಿಕ ಬ್ಯಾಟರಿಯ ತಂತಿ ಕಳಚತಕ್ಕದ್ದು. ಈ ಕೆಲಸ ಬಯಲಿನಲ್ಲಿ, ತಣ್ಣಗಿನ ಎಂಜಿನಿನ ಮೇಲೆ ಆಗಬೇಕು. ಓದಿ ಕಲಿತವರಿಗಿಂತ ಕೈ ಪಳಗಿದವರೇ ಮಾಡಿದರೆ ಮೇಲು. ಯಜಮಾನರ ಪಾಲಿನ ಕೆಲಸ ಕಂಡುಹಿಡಿಯುವುದರಲ್ಲಿ ಮುಗಿಯುತ್ತದೆ.

ಟ್ಯಾಂಕೇ ತೂತಾದ ಪಕ್ಷದಲ್ಲಿ ಲಾರಿಯವರು ಬಟ್ಟೆ ಒಗೆಯುವ ಬಾರ್ ಸೋಪನ್ನು ಬೆರಳಿನಿಂದ ಒತ್ತಿ ಮೆತ್ತುವುದುಂಟು. ಸೋಪು ಪೆಟ್ರೋಲಿನಲ್ಲಿ ಕರಗದು. ಹತ್ತಿರದ ಊರು ಸೇರುವುದಕ್ಕೆ ಅದು ಉಪಾಯವಾದೀತು, ಆಮೇಲಕ್ಕಲ್ಲ. ಅದಕ್ಕೂ ಮುಖ್ಯವಾದ ಮಾತೊಂದಿದೆ. ಖಾಲಿ ಮಾಡಿದ ಟ್ಯಾಂಕು ನಿರಪಾಯಕರವೆಂದು ತಿಳಿದು ನೇರವಾಗಿ ಬೆಸುಗೆಗೆ ಒಡ್ಡುವ ಅಭ್ಯಾಸ ಘೋರವಾದದ್ದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಭಯಂಕರ. ಅದರ ಹೊಟ್ಟೆಯಲ್ಲಿರುವುದು ಗಾಳಿಯೊಡನೆ ಹದವಾಗಿ ಬೆರೆತ ಆವಿ. ಬಿಸಿ ಹಬೆಯಿಂದ ತೊಳೆದು ಆವಿಯೆಲ್ಲ ಹೋದದ್ದನ್ನು ಖಚಿತಪಡಿಸಿಕೊಳ್ಳದೆ ಕಿಡಿ ಸೋಕಿಸಿದರೆ ಅದು ಬಾಂಬಿನಂತೆ ಸಿಡಿಯುತ್ತದೆ. ಬೆಸುಗೆಯವನ ಮುಂದೆ ಕೂರುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಹೊಸ ಟ್ಯಾಂಕಿನ ಬೆಲೆ ಎಷ್ಟಾದರೂ ಆ ಹುಡುಗನ ಕಣ್ಣಿಗಿಂತ ಕಡಿಮೆ.

ಡೀಸಲ್ ಕಾರುಗಳಲ್ಲಿ ಬೆಂಕಿಯ ಭಯ ಕಡಿಮೆ, ವಾಸನೆಯ ಹಟ ಹೆಚ್ಚು. ಡೀಸಲ್ ಪೆಟ್ರೋಲಿನಂತೆ ಬೇಗ ಆರದು. ಇಂಜೆಕ್ಟರುಗಳಿಂದ ಹಿಂದಿರುಗುವ ಸಣ್ಣ ಕೊಳವೆಗಳನ್ನು ಮೊದಲು ನೋಡಬೇಕು. ಎಂಜಿನು ನಡೆಯುವಾಗ ಅಲ್ಲಿ ಕೈಯಾಡಿಸುವುದು ಮಾತ್ರ ಅಪಾಯಕರ. ಅತ್ಯಧಿಕ ಒತ್ತಡದ ಡೀಸಲ್ ಎಳೆ ಚರ್ಮವನ್ನು ಸೀಳಿ ಒಳಹೊಗಬಲ್ಲದು. ಗ್ಯಾಸಿನ ಕಾರುಗಳ ವಾಸನೆ ಅಡಿಗೆಮನೆಯ ಸಿಲಿಂಡರಿನದೇ ಜಾತಿ. ವಾಸನೆಯಿಲ್ಲದ ಅನಿಲಕ್ಕೆ ಎಚ್ಚರಿಕೆಗೆಂದೇ ಬೆರೆಸಿದ ದುರ್ಗಂಧ ಅದು. ಕಂಡೊಡನೆ ಸಿಲಿಂಡರಿನ ಕವಾಟ ಮುಚ್ಚಿ ತಿಳಿದವರನ್ನು ಕರೆಸುವುದಲ್ಲದೆ ಬೇರೆ ಪ್ರಯೋಗ ಬೇಡ.

ಎಲ್ಲಿಯೂ ಸೋರಿಕೆ ಸಿಕ್ಕದೆ ವಾಸನೆ ಮಾತ್ರ ಉಳಿದಿದ್ದರೆ, ಎಂದೋ ಡಿಕ್ಕಿಯಲ್ಲಿ ಡಬ್ಬದಲ್ಲಿ ತಂದ ಪೆಟ್ರೋಲು ತುಳುಕಿತ್ತೇ ಎಂದು ಮನೆಯವರನ್ನೆಲ್ಲ ವಿಚಾರಿಸಬೇಕು. ಶಾಸ್ತ್ರಗಳಲ್ಲಿ ವಾಸನೆಯೆಂಬುದಕ್ಕೆ ಹಿಂದಿನ ಕರ್ಮ ಉಳಿಸಿಹೋದ ಸಂಸ್ಕಾರ ಎಂಬ ಅರ್ಥವೂ ಉಂಟು. ಕಾರಿನ ನೆಲಗಂಬಳಿಯ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಕಂಬಳಿಯನ್ನೂ ಅದರ ಕೆಳಗಿನ ಮೆತ್ತೆಯನ್ನೂ ಹೊರತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಎರಡು ಮೂರು ದಿನ ಬಯಲಿನಲ್ಲಿ ಒಣಗಿಸಿ, ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಝಾಡಿಸಿದರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಮೆತ್ತೆಯನ್ನು ಬದಲಾಯಿಸಬೇಕು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಹೊರಗೆ ಹರವಿ ಆರಿಸತಕ್ಕದ್ದು.

ದಾರಿಯಲ್ಲಿ ವಾಸನೆ ಇದ್ದಕ್ಕಿದ್ದಂತೆ ಬಲವಾದರೆ ಮಾತ್ರ ಈ ವಿಚಾರಣೆಗಳಿಗೆಲ್ಲ ಸಮಯವಲ್ಲ. ಪಕ್ಕಕ್ಕೆ ನಿಲ್ಲಿಸಿ, ಎಂಜಿನು ಆರಿಸಿ, ಎಲ್ಲರನ್ನೂ ಇಳಿಸಿ ದೂರ ಕಳುಹಿಸಬೇಕು. ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿದ್ದರೆ ಅವು ಒಳಗಿನಿಂದ ತೆರೆಯುವುದಿಲ್ಲ ಎಂಬುದನ್ನು ಗಾಬರಿಯಲ್ಲಿ ಮರೆಯಬಾರದು, ಹೊರಗಿನಿಂದ ತೆರೆಯಬೇಕು. ಬಾನೆಟ್ಟಿನ ಸಂದಿನಲ್ಲಿ ಹೊಗೆ ಕಂಡರೆ ಅದನ್ನು ಪೂರ್ತಿ ಎತ್ತಕೂಡದು. ಎತ್ತಿದರೆ ಬೆಂಕಿಗೆ ಗಾಳಿ ಕೊಟ್ಟಂತೆ. ಉರಿಯುವ ಪೆಟ್ರೋಲಿಗೆ ನೀರೆರಚಿದರೆ ಅದು ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಪುಡಿಯ ಬೆಂಕಿ ಆರಿಸುವ ಸಾಧನ ಕಾರಿನಲ್ಲಿದ್ದರೆ ಅದರ ಜಾಗ ಡಿಕ್ಕಿಯಲ್ಲ, ಚಾಲಕರ ಕೈಗೆಟುಕುವ ಸೀಟಿನ ಬಳಿ. ಅದರಿಂದಾಗದಿದ್ದರೆ ದೂರ ಸರಿದು 112ಕ್ಕೆ ಕರೆಮಾಡಬೇಕು. ಬೆಂಕಿಯಿಲ್ಲದೆ ಬರಿಯ ವಾಸನೆಯಾದರೂ, ಗ್ಯಾರೇಜು ಇಲ್ಲೇ ಎರಡು ಮೈಲಿ ಎಂದು ಮತ್ತೆ ಹೊರಡುವುದು ಬೇಡ, ಎಳೆಸಿಕೊಂಡು ಹೋಗಬೇಕು.

ರಿಪೇರಿಯಾಗಿ ಬಂದ ಕಾರನ್ನು ಅದೇ ದಿನ ನಂಬಬಾರದು. ಯಾವ ಸನ್ನಿವೇಶದಲ್ಲಿ ವಾಸನೆ ಬರುತ್ತಿತ್ತೋ ಅದನ್ನೇ ಮತ್ತೆ ಒದಗಿಸಬೇಕು. ತುಂಬಿದ ಟ್ಯಾಂಕಿನ ದೋಷವಾಗಿದ್ದರೆ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಹತ್ತಾರು ತಿರುವುಗಳಿರುವ ರಸ್ತೆಯಲ್ಲಿ ಹೋಗಿಬಂದು, ಸುಗಂಧದ ಡಬ್ಬಿಯನ್ನು ಹೊರಗಿಟ್ಟು, ಗಾಜುಗಳನ್ನೆಲ್ಲ ಏರಿಸಿ ರಾತ್ರಿ ನಿಲ್ಲಿಸಬೇಕು. ಬೆಳಿಗ್ಗೆ ಬಾಗಿಲು ತೆರೆದು ಮೊದಲು ಮೂಸಿ ನೋಡತಕ್ಕವರು ಯಜಮಾನರಲ್ಲ. ಮೊದಲು ದೂರು ಹೇಳಿದ ಅತ್ತೆಯವರೋ ಮಗುವೋ ಯಾರೋ, ಅವರು.